ಮೊದಲ ಸ್ಲೈಡಿನ ಮುಖ

ಮೇಡಂ ಅವರ ಬಲಗೆನ್ನೆಯಿಂದ ಕತ್ತಿನವರೆಗೆ ಒಂದು ಬಿಳಿ ಮಚ್ಚೆ ಇಳಿದಿತ್ತು. ಹಾಲು ಉಕ್ಕಿ ಪಾತ್ರೆಯ ಹೊರಮೈಗೆ ಹರಿದು ಅಲ್ಲೇ ಒಣಗಿದ ಹಾಗೆ. ತುಟಿಯ ಒಂದು ಅಂಚನ್ನೂ ಅದು ಮುಟ್ಟಿತ್ತು. ನಕ್ಕರೆ ಅರ್ಧ ತುಟಿ ಕಪ್ಪು, ಅರ್ಧ ತುಟಿ ಗುಲಾಬಿ. ಉಳಿದ ಮುಖವೆಲ್ಲ ನಮ್ಮ ಕಡೆಯ ಎರೆಮಣ್ಣಿನ ಬಣ್ಣ. ಮಚ್ಚೆ ಮುಚ್ಚಲು ಅವರು ಸೆರಗು ಎಳೆದುಕೊಂಡದ್ದನ್ನಾಗಲಿ, ಪೌಡರ್ ಬಳಿದುಕೊಂಡದ್ದನ್ನಾಗಲಿ ನಾನು ಒಂದು ದಿನವೂ ನೋಡಲಿಲ್ಲ.

ವಿಜಯಪುರದ ನಮ್ಮ ಕಾಲೇಜಿಗೆ ಅವರು ಅತಿಥಿ ಉಪನ್ಯಾಸಕಿಯಾಗಿ ಬಂದಾಗ ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಕಂಪ್ಯೂಟರ್ ವಿಷಯ ಅವರದು. ಮೊದಲ ದಿನ ಪ್ರೊಜೆಕ್ಟರಿನ ಕಪ್ಪು ಕೇಬಲ್ಲನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಕ್ಲಾಸಿನೊಳಗೆ ಬಂದರು. ಹಿಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು, ಯಾರೋ ಕಿಸಕ್ಕನೆ ನಕ್ಕರು. ನನಗೆ ಕೇಳಿಸಿತು ಎಂದಮೇಲೆ ಅವರಿಗೂ ಕೇಳಿಸಿರಲೇಬೇಕು. ಅವರು ಕೇಬಲ್ ಜೋಡಿಸಿದರು, ಕಿಟಕಿ ಮುಚ್ಚಿಸಿದರು, ಗುಂಡಿ ಒತ್ತಿದರು. ಗೋಡೆಯ ಮೇಲೆ ಅವರದೇ ಮುಖ ಬಂತು. ಗೋಡೆಯಷ್ಟು ದೊಡ್ಡದು, ಕೆಳಗೆ ಹೆಗಲ ಮೇಲೆ ಅದೇ ಕೇಬಲ್ಲಿನ ಸುರುಳಿ. ಮಚ್ಚೆ ಕಿಟಕಿಯಷ್ಟಿತ್ತು.

"ನೋಡ್ರಿ," ಅಂದರು. "ಚಂದಂಗ ನೋಡ್ರಿ. ಕಳ್ಳನೋಟ ಬ್ಯಾಡ. ಎಲ್ಲಿ ಸುರು ಆಗೈತಿ, ಎಲ್ಲಿ ಮುಗದೈತಿ, ಎಲ್ಲಾ ನೋಡಿ ಮುಗಸ್ರಿ. ಆಮ್ಯಾಲೆ ಪಾಠ ಮಾಡೂಣು."

ಪ್ರೊಜೆಕ್ಟರಿನ ಫ್ಯಾನು ಗೊರಗೊರ ಅನ್ನುತ್ತಿತ್ತು. ಮುಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದ.

"ಏ ತಮ್ಮಾ, ತಲಿ ಎತ್ತು. ನೆಲದ ಮ್ಯಾಲ ನಾ ಏನೂ ಬರದಿಲ್ಲ."

ನೋಡುವುದಕ್ಕೆ ಇನ್ನೇನೂ ಉಳಿಯಲಿಲ್ಲ ಎನ್ನುವಷ್ಟು ಹೊತ್ತು ನಿಲ್ಲಿಸಿದರು. ನಕ್ಕವರಿಗೆ ನಗು ತೀರಿತು, ಕನಿಕರಪಟ್ಟವರಿಗೆ ಕನಿಕರವೂ ತೀರಿತು. ಆಮೇಲೆ ಹೇಳಿದರು: "ಇದು ಮೊದಲನೇ ಸ್ಲೈಡು. ಹೇಳಾಕ ನಿಂತಾಕಿ ಯಾರು ಅಂತ ಕೇಳೂ ಮಂದಿಗೆ ಗೊತ್ತಾಗಬೇಕು. ಇವತ್ತಿನ ಪಾಠ ಇಷ್ಟ ನೋಡ್ರಿ."

ಮುಖ ತೋರಿಸುವುದೂ ಒಂದು ಪಾಠವಾಗಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಕಲಿತದ್ದು ಮುಚ್ಚಿಕೊಳ್ಳುವುದನ್ನು. ನಮ್ಮೂರು ಬಬಲೇಶ್ವರದ ಹತ್ತಿರದ ಜೈನಾಪುರ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡ. ಅವ್ವ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಲಿ. ಹಸಿರು ಜಾಲರಿಯ ರ‍್ಯಾಕುಗಳ ಮೇಲೆ ದ್ರಾಕ್ಷಿ ಹರವುವುದು, ಒಣಗಿದ ಮೇಲೆ ಉದುರಿಸುವುದು, ಕಡ್ಡಿ ತೆಗೆದು ಬಣ್ಣ ನೋಡಿ ಬೇರೆ ಮಾಡುವುದು. ಶಾಲೆಗೆ ಸೂಟಿಯಿದ್ದಾಗ ನಾನೂ ಅದನ್ನೇ ಮಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹತ್ತಲು ಬಿಟ್ಟವನು ಕಾಕಾ, ಅಪ್ಪನ ತಮ್ಮ. ದಿನಾ ಬೆಳಿಗ್ಗೆ ತನ್ನ ಬೈಕಿನಲ್ಲಿ ಬಬಲೇಶ್ವರದ ಬಸ್ಸಿಗೆ ಬಿಡುತ್ತಿದ್ದ. ಬಿಡುವಾಗೆಲ್ಲ ಒಂದೇ ಮಾತು: "ಹೆಸರ ಕೆಡಿಸಬ್ಯಾಡ." ಹೆಸರು ಕೆಡದಿರಲು ಸುಲಭದ ದಾರಿಯೆಂದರೆ ಹೆಸರನ್ನೇ ಹೊರಗೆ ತೆಗೆಯದಿರುವುದು. ಹಾಗಾಗಿ ನನ್ನ ಫೋನಿನಲ್ಲಿ ನನ್ನ ಫೋಟೋ ಇರುವ ಜಾಗದಲ್ಲಿ ಗುಲಾಬಿ ಹೂವಿತ್ತು. ಹೆಸರಿನ ಜಾಗದಲ್ಲಿ ಒಂದೇ ಅಕ್ಷರ. ನಾನೊಬ್ಬಳೇ ಅಲ್ಲ, ನಮ್ಮ ಕ್ಲಾಸಿನ ಹುಡುಗಿಯರೆಲ್ಲ ಹೀಗೇ. ಒಬ್ಬಳು ಮಲ್ಲಿಗೆ, ಒಬ್ಬಳು ನವಿಲುಗರಿ, ಒಬ್ಬಳು ದೇವಿ, ಇಬ್ಬರು ಮೂವರು ಯಾರದೋ ಮನೆಯ ಕೂಸು.

ಮೇಡಂ ಟಿಕೋಟಾದವರು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕಾಲೇಜಿನ ಕೇಬಲ್ ಯಾವತ್ತೂ ಕೈಕೊಡುತ್ತದೆಂದು ಸ್ವಂತದ್ದನ್ನೇ ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದರು. ಕಂಡಕ್ಟರ್ ಒಮ್ಮೆ, "ಏನ್ರಿ ಅಕ್ಕೋರ, ಹಗ್ಗ ತಗೊಂಡು ಯಾವ ಎಮ್ಮಿ ಕಟ್ಟಾಕ ಹೊಂಟೀರಿ?" ಎಂದು ಕೇಳಿದನಂತೆ. "ಫೈನಲ್ ಇಯರ್ ಎಮ್ಮಿಗೋಳಪಾ, ಕಟ್ಟಿದ್ರೂ ನಿಲ್ಲಂಗಿಲ್ಲ," ಅಂದೆ ಎಂದು ಅವರೇ ಕ್ಲಾಸಿನಲ್ಲಿ ಹೇಳಿದರು. ನಾವು ನಕ್ಕೆವು. "ನಗಬ್ಯಾಡ್ರಿ, ಹಾಲು ಕೊಡ್ರಿ," ಅಂದರು.

ಹಾಲು ಕೊಡುವ ಕಾಲ ಬೇಗ ಬಂತು. ಹಣ್ಣು ಸಂಸ್ಕರಿಸಿ ಹೊರಗೆ ಕಳಿಸುವ ಒಂದು ಕಂಪನಿಯವರು ಕೊನೆಯ ಸೆಮಿಸ್ಟರಿನಲ್ಲಿ ಕಾಲೇಜಿಗೇ ಬಂದು ಕೆಲಸಕ್ಕೆ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವವರಿದ್ದರು. ಪ್ರತಿಯೊಬ್ಬರೂ ಒಂದು ಪ್ರೆಸೆಂಟೇಶನ್ ಕೊಡಬೇಕು. ಅದಕ್ಕೆ ಮೊದಲು, ನೌಕರಿ ಹುಡುಕುವವರು ಸೇರುವ ಜಾಲತಾಣದಲ್ಲಿ ಪ್ರೊಫೈಲ್ ಮಾಡಿ ಅದರ ಲಿಂಕ್ ಕಳಿಸಬೇಕು. ಕಾಲೇಜಿನಲ್ಲಿ ಅದುವರೆಗೆ ಯಾರೂ ಅಂಥದ್ದನ್ನು ಹೇಳಿಕೊಟ್ಟಿರಲಿಲ್ಲ. ಮೇಡಂ ಊಟದ ಬಿಡುವನ್ನೇ ಕ್ಲಾಸು ಮಾಡಿದರು. ರೊಟ್ಟಿಯನ್ನು ಬಟ್ಟೆಯಿಂದ ಬಿಚ್ಚಿ ಶೇಂಗಾ ಚಟ್ನಿ ಹಚ್ಚಿ ಸುರುಳಿ ಮಾಡಿ ಎಡಗೈಯಲ್ಲಿ ಹಿಡಿಯುವರು, ಬಲಗೈ ಮೌಸಿನ ಮೇಲೆ. ನಮ್ಮ ಹೂವು, ನವಿಲುಗರಿಗಳನ್ನೆಲ್ಲ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದರು.

"ಇದು ಕ್ಲಾಸೋ ಹೂವಿನ ಸಂತಿಯೋ?" ಅಂದರು. ಆಮೇಲೆ ನನ್ನ ಗುಲಾಬಿಯ ಮೇಲೆ ಬಾಣದ ಗುರುತು ತಂದು ನಿಲ್ಲಿಸಿ, "ಯಾರದಿದು? ನಿಂದಾ? ಗುಲಾಬಿ ಹೂವಿಗೆ ಯಾರೂ ನೌಕರಿ ಕೊಡಂಗಿಲ್ಲ ಯವ್ವಾ. ನಾಳೆ ಮುಖ ತಗೊಂಡು ಬಾ."

ಪ್ರೆಸೆಂಟೇಶನ್ನಿಗೆ ಯಾವುದು ಒಳ್ಳೆಯದು ಎಂಬುದೇ ನಮ್ಮ ದೊಡ್ಡ ಚರ್ಚೆಯಾಗಿತ್ತು. ಲ್ಯಾಬಿನ ಹಳೆಯ ಯಂತ್ರಗಳಲ್ಲಿದ್ದ ಸ್ಲೈಡ್ ತಂತ್ರಾಂಶ ನಮಗೆ ಬೇಸರ. ಅಂತರ್ಜಾಲದಲ್ಲೇ ಮಾಡುವಂಥದ್ದು, ರೆಡಿಮೇಡ್ ವಿನ್ಯಾಸಗಳಿರುವಂಥದ್ದು ಬೇಕು. ಫೋನಿನಲ್ಲೇ ವಿಡಿಯೋ ಆಗುವಂಥದ್ದು ಇನ್ನೂ ಚಂದ. ಒಬ್ಬ ಹುಡುಗ ಅಕ್ಷರಗಳು ಗಿರಗಿರನೆ ತಿರುಗಿ ಬಂದು ಕೂಡುವ ಹಾಗೆ, ಪ್ರತಿ ಸ್ಲೈಡಿಗೂ ಚಪ್ಪಾಳೆ ಬೀಳುವ ಹಾಗೆ ಮಾಡಿದ್ದ. ಮೇಡಂ ಕೊನೆಯವರೆಗೆ ನೋಡಿದರು.

"ಚಪ್ಪಾಳಿ ನೀನ ಹೊಡಕೊಂಡ ಬಿಟ್ಟ್ಯಲ್ಲೋ, ಇನ್ನ ನಾವೇನ್ ಮಾಡೂಣು?" ಅಂದರು. "ಯಾವುದ್ರಾಗ ಮಾಡ್ಲಿ, ಯಾವುದ್ರಾಗ ಮಾಡ್ಲಿ ಅಂತೀರಿ. ಏನ್ ಹೇಳ್ತೀನಿ ಅಂತ ಒಬ್ರರ ಹೇಳೀರೇನು?"

ಅವರ ರೀತಿಯೇ ಬೇರೆ. ಮೊದಲು ಬಾಯಲ್ಲಿ ಹೇಳಬೇಕು. ಅದರಲ್ಲಿ ಕೇಳುವವರಿಗೆ ಬರೀ ಮಾತಿನಿಂದ ತಿಳಿಯದ್ದು ಯಾವುದೋ ಅಷ್ಟಕ್ಕೆ ಮಾತ್ರ ಸ್ಲೈಡು. ಆಮೇಲೆ ಹೇಳುವ ಜಾಗ ಯಾವುದೆಂದು ವಿಚಾರಿಸಬೇಕು. ಅಲ್ಲಿ ನೆಟ್ ಸಿಗದಿದ್ದರೆ ಅಂತರ್ಜಾಲದ್ದು ಬೇಡ. ಸಭಾಂಗಣ ಉದ್ದವಿದ್ದರೆ ಸಣ್ಣ ಅಕ್ಷರ ಬೇಡ. ಫೋನಿನಲ್ಲಿ ನೋಡುವವರಿಗೆ ಕಳಿಸುವುದಾದರೆ ಫೋನಿನಲ್ಲಿ ತೆರೆಯುವಂಥದ್ದೇ ಬೇಕು. ಇಷ್ಟೆಲ್ಲ ಆದ ಮೇಲೆ, ನಾವು ಹೇಳುತ್ತಿರುವಾಗ ನಡುವೆ ತಟ್ಟನೆ ಪ್ರೊಜೆಕ್ಟರ್ ಆರಿಸಿಬಿಡುತ್ತಿದ್ದರು. "ಈಗ ಹೇಳು," ಅನ್ನುವರು. ಬಹಳ ಜನ ಅಲ್ಲೇ ನಿಂತುಬಿಡುತ್ತಿದ್ದರು. "ಅಂದ್ರ ಹೇಳಾಕತ್ತಿದ್ದು ಮಿಷನ್ನು, ನೀ ಅಲ್ಲ," ಎಂದು ಕೂರಿಸುವರು.

ನಾನು ಆರಿಸಿಕೊಂಡ ವಿಷಯ ನಮ್ಮ ಭಾಗದ ಒಣದ್ರಾಕ್ಷಿ. ರೆಡಿಮೇಡ್ ವಿನ್ಯಾಸ ಒಂದನ್ನು ಹುಡುಕಿದ್ದೆ. ಹಿಮದ ಬೆಟ್ಟ, ಬೆಟ್ಟದ ಕೆಳಗೆ ದ್ರಾಕ್ಷಿ ತೋಟ, ಟೋಪಿ ಹಾಕಿದ ಬಿಳಿ ಹೆಂಗಸು ಬುಟ್ಟಿ ಹಿಡಿದು ನಗುತ್ತಿದ್ದಳು. ಮೇಡಂ ತಮ್ಮ ರೊಟ್ಟಿ ಮುಗಿಯುವವರೆಗೆ ಅದನ್ನೇ ನೋಡಿದರು.

"ಈ ದ್ರಾಕ್ಷಿ ಪಡ ಯಾವೂರಾಗ ಐತ್ಯವ್ವಾ? ನಮ್ಮ ಟಿಕೋಟಾದಾಗಂತೂ ಇಲ್ಲ. ಈ ಟೋಪಿ ಹೆಣಮಗಳು ನಿಮ್ಮ ಶೆಡ್ಡಿಗೆ ಯಾವಾಗ ಕೂಲಿಗೆ ಬಂದಿದ್ಲು?"

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ. ಆದರೆ ನಮ್ಮ ಶೆಡ್ಡಿನ ಫೋಟೋ ತರುವುದು ಬೇರೆ ಮಾತು. ಅದರಲ್ಲಿ ಹಿಮದ ಬೆಟ್ಟವಿಲ್ಲ. ಅವ್ವ ಇದ್ದಾಳೆ, ತಲೆಗೆ ಹಳೇ ಟವೆಲ್ ಸುತ್ತಿಕೊಂಡು.

ಮುಖ ತರಬೇಕೆಂದರಲ್ಲ, ಹುಡುಗಿಯರೆಲ್ಲ ಸೇರಿ ಸ್ಟೇಷನ್ ರಸ್ತೆಯ ಒಂದು ಸ್ಟುಡಿಯೋಗೆ ಹೋದೆವು. ಹುಡುಗರು ಮೊದಲೇ ಹೋಗಿ ಬಂದಿದ್ದರು. ನಮ್ಮ ಕಡೆ ನೌಕರಿಯ ಫೋಟೋ ಎಂದರೆ ಕೋಟು ಇರಲೇಬೇಕು. ಕೋಟು ಇದ್ದವರು ಯಾರೂ ಇಲ್ಲ. ಅದಕ್ಕೆ ಸ್ಟುಡಿಯೋದವನ ಕಂಪ್ಯೂಟರಿನಲ್ಲಿ ಒಂದು ಕೋಟು ಇರುತ್ತದೆ. ನಾವು ಹಾಕಿಕೊಂಡು ಹೋದ ಚೂಡಿದಾರವನ್ನು ಕತ್ತಿನಿಂದ ಕೆಳಗೆ ಕತ್ತರಿಸಿ ಆ ಕೋಟಿನ ಮೇಲೆ ನಮ್ಮ ತಲೆ ಕೂಡಿಸುತ್ತಾನೆ. ಹಿಂದೆ ನೀಲಿ ಬಣ್ಣ ತುಂಬುತ್ತಾನೆ. ಕೇಳದಿದ್ದರೂ ಮುಖ ಬೆಳ್ಳಗೆ ಮಾಡಿ ಕೊಡುತ್ತಾನೆ, ಅದು ಅವನ ಪ್ರೀತಿ. ನನ್ನ ಫೋಟೋ ಬಂದಾಗ ಗೆಳತಿಯರು, "ಆಫೀಸರ್ ಕಂಡಂಗ ಕಾಣ್ತಿಲೇ," ಅಂದರು. ನನಗೂ ಹಾಗೆಯೇ ಅನ್ನಿಸಿತು.

ಮರುವಾರ ಮೇಡಂ ಎಲ್ಲರ ಪ್ರೊಫೈಲುಗಳನ್ನೂ ಗೋಡೆಗೆ ಹಚ್ಚಿದರು. ಎಲ್ಲರದೂ ಅದೇ ಕಪ್ಪು ಕೋಟು. ಅದೇ ಬಿಳಿ ಕಾಲರು. ಎಡಗಡೆ ಜೇಬಿನ ಹತ್ತಿರ ಅದೇ ಸಣ್ಣ ಸುಕ್ಕು. ಬದಲಾಗಿದ್ದು ತಲೆಗಳು ಮಾತ್ರ, ಅವೂ ಎಲ್ಲ ಒಂದೇ ಬಿಳುಪಿನವು. ಕೆಳಗಿನ ಪರಿಚಯವೂ ಅಷ್ಟೇ: ಹಿಂದಿನ ವರ್ಷದ ಸೀನಿಯರ್ ಬರೆದದ್ದನ್ನು ಎಲ್ಲರೂ ಎತ್ತಿ ಹಾಕಿದ್ದೆವು. ಪರಿಶ್ರಮಿ, ಉತ್ಸಾಹಿ, ತಂಡದ ಜೊತೆ ಹೊಂದಿಕೊಳ್ಳುವ ಗುಣ. ನಮಗೇ ನಗು ತಡೆಯಲಾಗಲಿಲ್ಲ. ಮೇಡಂ ಮಾತ್ರ ನಗಲಿಲ್ಲ.

"ಒಂದ ಕೋಟಿನಾಗ ಇಡೀ ಕ್ಲಾಸು ಹೊಕ್ಕೀರಿ. ಕಂಪನಿಯವ್ರಿಗೆ ಒಬ್ರು ಸಾಕು ಹಂಗಾದ್ರ." ನನ್ನ ಫೋಟೋದ ಹತ್ತಿರ ಬಂದು ನಿಂತರು. ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಗೋಡೆಯ ಕಡೆ. "ಕೋಟ್ ಯಾರದರ ಇರ್ಲಿ. ನಿನ್ನ ಬಣ್ಣ ಎಲ್ಲಿ ಇಟ್ಟು ಬಂದಿ?"

ನಾನು ಗೋಡೆಯ ಮೇಲಿನ ಕೋಟನ್ನೇ ನೋಡಿದೆ.

"ನನಗ ಹದಿನಾರು ವರ್ಷ ಆದಾಗ ಇದು ಬಂತು," ಎಂದು ತಮ್ಮ ಕೆನ್ನೆ ಮುಟ್ಟಿಕೊಂಡರು. "ಎಲ್ಲಾ ಫೋಟೋದಾಗೂ ಇದು ಕಾಣದಂಗ ಬಲಕ್ಕ ಹೊಳ್ಳಿ ನಿಲ್ಲತಿದ್ದೆ. ಒಂದಿನ ಇಂಟರ್‌ವ್ಯೂಕ ಹ್ವಾದೆ. ಫೋಟೋ ನೋಡಿ ಕರದಿದ್ರು, ಮುಖ ನೋಡಿ ಕಳಿಸಿದ್ರು. ಅವತ್ತಿಂದ ಮದ್ಲ ಮುಖ ತೋರಸ್ತೀನಿ. ಕಳಿಸೂದಿದ್ರ ಬಸ್ಸಿನ ರೊಕ್ಕ ಉಳೀಲಿ."

ಆ ಭಾನುವಾರ ಅವರು ಬಬಲೇಶ್ವರಕ್ಕೆ ಬಂದಿಳಿದರು. ಯಾರನ್ನೋ ಕೇಳಿ, ಯಾರದೋ ಟಂಟಂ ಹತ್ತಿ, ಅವ್ವ ದುಡಿಯುವ ಶೆಡ್ಡಿಗೇ ಬಂದರು. ನಾನು ಅವ್ವನ ಜೊತೆ ರ‍್ಯಾಕಿನ ಮುಂದೆ ನಿಂತು ಒಣಗಿದ ದ್ರಾಕ್ಷಿ ಉದುರಿಸುತ್ತಿದ್ದೆ. ತಲೆಗೆ ಓಢಣಿ ಕಟ್ಟಿದ್ದೆ. ಕೈಯೆಲ್ಲ ಅಂಟು. ಅವ್ವ ಗಾಬರಿಯಾದಳು.

"ಯವ್ವಾ, ಅಕ್ಕೋರ! ಹೇಳಿ ಕಳಿಸಿದ್ರ ಛಾ ಮಾಡಿಸ್ತಿದ್ದಿಲ್ಲೇನ್ರಿ." ಅವ್ವನಿಗೆ ಪಾಠ ಹೇಳುವ ಹೆಂಗಸೆಂದರೆ ಸಾಲಿಯಾಗಲಿ ಕಾಲೇಜಾಗಲಿ ಅಕ್ಕೋರೇ. ಮೇಡಂಗೆ ಆ ಕರೆ ಬಹಳ ಸೇರಿತು.

"ಛಾ ಆಮ್ಯಾಲ ಬೇ. ಮದ್ಲ ನಿನ್ನ ಮಗಳ ಫೋಟೋ ಬೇಕು."

"ತಡ್ರಿ ಹಂಗಾದ್ರ, ಮನಿಗೆ ಕಳಿಸ್ತೀನಿ, ಮಾರಿ ತೊಳಕೊಂಡು ಚಂದಂದು ಸೀರಿ ಉಟಗೊಂಡು ಬರ್ತಾಳ."

"ಬ್ಯಾಡ. ಹಿಂಗ ಬೇಕು."

"ಹಿಂಗಾ?" ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಿಂಗ ಯಾರು ನೌಕರಿ ಕೊಡ್ತಾರ್ರಿ ಅಕ್ಕೋರ? ಇಲ್ಲಿಂದ ತಪ್ಪಿಸಾಕಂತನ ಓದಿಸೀನಿ ನಾ."

ಮೇಡಂ ಒಂದು ಹಿಡಿ ದ್ರಾಕ್ಷಿ ತೆಗೆದು ಅಂಗೈಯಲ್ಲಿ ಹರವಿದರು. "ಇದ್ರಾಗ ಯಾವುದು ಹೊರದೇಶಕ್ಕ ಹೋಕ್ಕೈತಿ, ಯಾವುದು ನಮ್ಮ ಸಂತಿಗಿ ಬರ್ತೈತಿ, ನಿನ್ನ ಮಗಳಿಗಿ ಗೊತ್ತೈತಿಲ್ಲ?"

"ಗೊತ್ತಿಲ್ದ ಏನ್ರಿ? ಸಣ್ಣಾಕಿದ್ದಾಗಿಂದ ಮಾಡ್ಯಾಳ."

"ಕೋಟ್ ಹಾಕ್ಕೊಂಡ ಹುಡುಗೂರಿಗಿ ಗೊತ್ತಿಲ್ಲ. ಆಕಿ ಇಲ್ಲಿಂದ ಹೊರಗ ಹೋಗ್ಲಿ ಬೇ, ನಾನೂ ಅದನ್ನ ಅಂತೀನಿ. ಆದ್ರ ಇಲ್ಲಿಂದ ಹ್ವಾದೆ ಅಂತ ಹೇಳಿ ಹೋಗ್ಲಿ. ಕಳ್ಳರಂಗ ಯಾಕ ಹೋಗಬೇಕು?"

ಅವ್ವ ಸೆರಗಿನ ತುದಿಯಿಂದ ನನ್ನ ಹಣೆಯ ಬೆವರಷ್ಟನ್ನು ಒರೆಸಿ ಪಕ್ಕಕ್ಕೆ ಸರಿದಳು. ಮೇಡಂ ತಮ್ಮ ಫೋನಿನಲ್ಲಿ ಫೋಟೋ ತೆಗೆದರು. ಹಿಂದೆ ಹಸಿರು ಜಾಲರಿಯ ಸಾಲು, ಕೈಯಲ್ಲಿ ದ್ರಾಕ್ಷಿ, ಕಣ್ಣು ನೆಟ್ಟಗೆ. ನನ್ನ ಬಣ್ಣ ನನ್ನದೇ. ಪರಿಚಯದ ಸಾಲುಗಳನ್ನು ಅಲ್ಲೇ, ಡಬ್ಬದ ಮೇಲೆ ಕೂತು ನನ್ನಿಂದಲೇ ಬರೆಸಿದರು: "ಜೈನಾಪುರದವಳು. ಒಣದ್ರಾಕ್ಷಿ ಶೆಡ್ಡಿನಲ್ಲಿ ಅವ್ವನ ಜೊತೆ ದುಡಿದಿದ್ದೇನೆ. ಮಾಲು ನೋಡಿ ದರ್ಜೆ ಹೇಳಬಲ್ಲೆ. ಈಗ ಲೆಕ್ಕಶಾಸ್ತ್ರ ಓದುತ್ತಿದ್ದೇನೆ." ಇಂಗ್ಲಿಷಿಗೆ ತಂದದ್ದೂ ಅಷ್ಟೇ ಸಣ್ಣ ಸಾಲುಗಳಲ್ಲಿ. ಉತ್ಸಾಹಿ, ಪರಿಶ್ರಮಿ ಎಲ್ಲ ಅಳಿಸಿದರು. ಗುಲಾಬಿಯ ಜಾಗಕ್ಕೆ ನಾನು ಬಂದೆ, ಒಂದಕ್ಷರದ ಜಾಗಕ್ಕೆ ಪೂರ್ತಿ ಹೆಸರು.

ವಾರ ತುಂಬುವುದರೊಳಗೆ ಯಾರೋ ಅದನ್ನು ಕಾಕಾನ ಫೋನಿಗೆ ಕಳಿಸಿದ್ದರು. ಅವನು ಮನೆಯಲ್ಲಿ ಕೂಗಾಡಲಿಲ್ಲ. ಬೈಕು ತೆಗೆದು ಸೀದಾ ಕಾಲೇಜಿಗೆ ಬಂದ. ಲ್ಯಾಬಿನ ಹೊರಗಿನ ಪಡಸಾಲೆಯಲ್ಲಿ ನನ್ನನ್ನೂ ಮೇಡಂರನ್ನೂ ನಿಲ್ಲಿಸಿದ. ಸುತ್ತ ಹುಡುಗರು ಸೇರಿದರು.

"ನೀವೇನ್ರಿ ಈ ಫೋಟೋ ತಗದವ್ರು?"

"ಹೌದ್ರಿ. ಛಲೋ ಬಂದೈತಲ್ರಿ?"

"ಛಲೋ? ಹೆಣ್ಣಹುಡುಗಿ ಮಾರಿ ಊರ ಮಂದಿ ನೋಡೂವಂಗ ಹಚ್ಚೀರಿ. ಅದೂ ಕೂಲಿ ಮಾಡೂದನ್ನ. ನಾಳೆ ನೋಡಾಕ ಬಂದವ್ರು ಇದನ್ನ ನೋಡಿದ್ರ ಏನಂತಾರ? ನಮಗೊಂದು ಮರ್ಯಾದಿ ಐತ್ರಿ."

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ನಿಮ್ಮನ್ನ ಎಲ್ಲೋ ನೋಡೀನಲ್ರಿ. ಹಾಂ, ಬಬಲೇಶ್ವರ ಬಸ್‌ಸ್ಟ್ಯಾಂಡ್. ಯಾರೋ ಲೀಡರ್ ಹುಟ್ಟುಹಬ್ಬದ ಬ್ಯಾನರಿನಾಗ ಕೆಳಗಿನ ಸಾಲು, ಕಪ್ಪು ಚಸ್ಮಾ ಹಾಕ್ಕೊಂಡು ಕೈ ಮುಗದೀರಿ. ನೀವ ಹೌದಲ್ರಿ?"

ಹುಡುಗರಲ್ಲಿ ಯಾರೋ ನಕ್ಕರು. ಕಾಕಾನ ಮುಖ ಕೆಂಪಾಯಿತು. "ಅದು ಬ್ಯಾರೆ."

"ಹೆಂಗ ಬ್ಯಾರೆ? ನಿಮ್ಮ ಮಾರಿ ಕಂಬಕ್ಕ ಕಟ್ಟಿದ್ರ ಮರ್ಯಾದಿ ಬರ್ತೈತಿ, ಆಕಿ ಮಾರಿ ಆಕಿ ಕೆಲಸದ ಜೋಡಿ ಕಂಡ್ರ ಮರ್ಯಾದಿ ಹೋಕ್ಕೈತಿ. ಇದು ಯಾವ ಸಾಲ್ಯಾಗಿನ ಲೆಕ್ಕಾರಿ?"

ಕಾಕಾ ಕೆಟ್ಟವನಲ್ಲ. ಆದರೆ ಜನರ ಮುಂದೆ ಸೋತವನು ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯುತ್ತಾನೆ. ಅವರ ಮಚ್ಚೆಯ ಕಡೆ ನೋಡಿ ಅಂದ: "ನಿಮಗೇನ್ರಿ. ನಿಮ್ಮ ಮಾರಿಗಿ ಮಂದಿ ಏನಂತಾರ ಅನ್ನೂ ಚಿಂತಿ ಇಲ್ಲ. ಮದುವಿ ಇಲ್ಲ, ಮುಂಜಿ ಇಲ್ಲ. ನಮ್ಮ ಹುಡುಗಿ ಬಾಳೇ ಮಾಡಬೇಕು."

ಮೇಡಂ ಕನ್ನಡಕ ಹಾಕಿಕೊಂಡರು.

"ಮಂದಿ ಏನಂತಾರ ಅನ್ನೂದು ನಿಮಗಿಂತ ನನಗ ಹೆಚ್ಚು ಗೊತ್ತೈತ್ರಿ. ಅದಕ್ಕ ಮದ್ಲ ನಾನ ತೋರಸ್ತೀನಿ. ಮುಚ್ಚಿದ್ದನ್ನ ಎಳದು ನೋಡಾಕ ಮಂದಿಗೆ ಬಾಳ ಖುಷಿ. ತೋರಿಸಿದ್ದನ್ನ ಏನ್ ಎಳೀತಾರ?" ನನ್ನ ಕಡೆ ತಿರುಗಿದರು. "ಫೋಟೋ ನಾ ತಗದೀನಿ ಖರೆ. ಆದ್ರ ಮಾರಿ ನಿಂದು. ಇಡೂದು ಅಳಸೂದು ನಿನಗ ಬಿಟ್ಟಿದ್ದು. ನಾ ಏನೂ ಅನ್ನಂಗಿಲ್ಲ."

ಕಾಕಾ ಕೈ ಚಾಚಿದ. "ಪೋನ್ ತಗಿ. ಈಗಿಂದೀಗ ಅಳಸು. ಇಲ್ಲಂದ್ರ ನಾಳಿಂದ ಕಾಲೇಜ್ ಇಲ್ಲ."

ಅವನ ಬೈಕಿನ ಹಿಂದೆ ಕೂತೇ ನಾನು ಪದವಿಯ ಅಂಚಿಗೆ ಬಂದಿದ್ದೆ. ಅದು ನನಗೆ ಗೊತ್ತಿತ್ತು. ಆದರೂ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

"ಅಳಸಂಗಿಲ್ಲ ಕಾಕಾ," ಅಂದೆ. "ಅದು ನಾನ ಇದ್ದೀನಿ. ನನ್ನನ್ನ ಅಳಸು ಅಂದ್ರ ಹೆಂಗ ಅಳಸ್ಲಿ?"

ನನ್ನ ಬಾಯಿಂದ ಅಂಥ ಮಾತು ಅವನು ಅದುವರೆಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವನು ಮೆಟ್ಟಿಲಿಳಿದು ಹೋದ. ಮರುದಿನದಿಂದ ಬೈಕು ನಿಂತಿತು. ಕಾಲೇಜು ನಿಲ್ಲಲಿಲ್ಲ, ಯಾಕೆಂದರೆ ಅವ್ವ ನಸುಕಿನಲ್ಲಿ ಎದ್ದು ರೊಟ್ಟಿ ಕಟ್ಟಿಕೊಟ್ಟು, "ನಡಿ, ನಾನೂ ಅದ ದಾರ‍್ಯಾಗ ಹೋಗಾಕಿ," ಅಂದಳು. ಶೆಡ್ಡಿನವರೆಗೆ ಇಬ್ಬರೂ, ಅಲ್ಲಿಂದ ಬಬಲೇಶ್ವರಕ್ಕೆ ನಾನೊಬ್ಬಳೇ. ದಾರಿಯಲ್ಲಿ ಎದುರಾದವರು, "ಪೋಟೋದಾಕಿ ಬಂದ್ಲು," ಅನ್ನುತ್ತಿದ್ದರು. ಅನ್ನಲಿ ಎಂದು ನಡೆದೆ. ಕೆಲವು ದಿನ ಅಂದರು. ನೋಡಿ ಮುಗಿಯಿತು, ಬಿಟ್ಟರು.

ಕಂಪನಿಯವರು ಬಂದ ದಿನ ನನ್ನ ಮೊದಲ ಸ್ಲೈಡು ಅದೇ ಫೋಟೋ. ಹಳೆಯ ತಂತ್ರಾಂಶದಲ್ಲೇ ಮಾಡಿದ್ದೆ. ಸಭಾಂಗಣದಲ್ಲಿ ನೆಟ್ ಸಿಗುವುದಿಲ್ಲವೆಂದು ಮೊದಲೇ ನೋಡಿಕೊಂಡಿದ್ದೆ. ಅಂತರ್ಜಾಲದ ವಿನ್ಯಾಸ ನೆಚ್ಚಿಕೊಂಡ ಇಬ್ಬರು ಗೋಡೆಯ ಮೇಲೆ ತಿರುಗುವ ಚಕ್ರ ತೋರಿಸಿ ಕೂತಿದ್ದರು. ನಾನು ಮಾಲು ಹೇಗೆ ಬಣ್ಣ ಕಳೆದುಕೊಳ್ಳುತ್ತದೆ, ಎಲ್ಲಿ ದರ್ಜೆ ತಪ್ಪುತ್ತದೆ ಎಂದೆಲ್ಲ ಹೇಳಿದೆ. ಟೈ ಕಟ್ಟಿದ ಒಬ್ಬ ಸಾಹೇಬರು ಕೇಳಿದರು, "ಎಲ್ಲಾ ಸರಿ. ಆದರೆ ಈ ಫೋಟೋ ಪ್ರೊಫೆಷನಲ್ ಅಲ್ಲ ಅನ್ನಿಸುವುದಿಲ್ಲವಾ?"

"ನೀವು ಕೊಳ್ಳೂ ಮಾಲು ಈ ಫೋಟೋದಾಗಿಂದನ ಬರ್ತೈತ್ರಿ ಸರ್," ಅಂದೆ.

ಅವರು ನಗಲಿಲ್ಲ. ನನ್ನನ್ನು ಆರಿಸಲೂ ಇಲ್ಲ. ಸ್ಟುಡಿಯೋ ಕೋಟಿನ ಇಬ್ಬರು ಹುಡುಗರನ್ನು ಆರಿಸಿಕೊಂಡು ಹೋದರು. ನಾನು ಲ್ಯಾಬಿನ ಹಿಂದೆ ನಿಂತು ಅತ್ತೆ. ಕೋಟು ಹಾಕಿದ್ದರೆ ಸಿಗುತ್ತಿತ್ತು ಎಂದು ಮೇಡಂಗೆ ಮುಖದ ಮೇಲೇ ಅಂದೆ. ಅವರು ಕೇಬಲ್ ಸುತ್ತುತ್ತಾ ಕೇಳಿಸಿಕೊಂಡರು.

"ಸಿಗತಿತ್ತು. ನಾ ಸುಳ್ಳ ಹೇಳಂಗಿಲ್ಲ. ಸಿಟ್ಟು ಬಂದೈತಾ?"

"ಬಂದೈತ್ರಿ."

"ಬರ್ಲಿ. ನನಗೂ ಬಂದೈತಿ. ಸಿಟ್ಟು ಇಟ್ಕೊ, ಫೋಟೋನೂ ಇಟ್ಕೊ. ನಿನ್ನ ನೋಡಿ ಕರಿಯೂ ಮಂದಿ ಹುಡುಕು. ಕೋಟ್ ನೋಡಿ ಕರದವ್ರು ದಿನಾ ಕೋಟ ಕೇಳ್ತಾರ."

ಪದವಿ ಮುಗಿಯಿತು. ನಾನು ಕಾದು ಕೂರಲಿಲ್ಲ. ಒಣದ್ರಾಕ್ಷಿ ವ್ಯವಹಾರ ಮಾಡುವ ಪ್ರತಿಯೊಬ್ಬರಿಗೂ ಆ ಪ್ರೊಫೈಲಿನ ಲಿಂಕನ್ನೂ ಪ್ರೆಸೆಂಟೇಶನ್ನನ್ನೂ ನಾನೇ ಕಳಿಸಿದೆ. ಬಹಳ ಜನ ಉತ್ತರಿಸಲಿಲ್ಲ. ಒಬ್ಬರು ಮದುವೆಯಾಗಿದೆಯಾ ಎಂದು ಕೇಳಿದರು. ಕೊನೆಗೆ ಸೊಲ್ಲಾಪುರ ರಸ್ತೆಯ ಒಂದು ಶೀತಲಗೃಹದ ಯಜಮಾನರು ಕರೆದು, ನನ್ನ ಮುಂದೆ ಮೂರು ತಟ್ಟೆ ದ್ರಾಕ್ಷಿ ಇಟ್ಟು, "ಹೇಳವ್ವಾ," ಅಂದರು. ಹೇಳಿದೆ. ಇವತ್ತು ಅಲ್ಲಿ ಮಾಲಿನ ದರ್ಜೆ, ಲೆಕ್ಕ ಎರಡೂ ನನ್ನ ಕೈಯಲ್ಲಿವೆ. ಹೊರಗಿನ ಕೊಳ್ಳುವವರಿಗೆ ಮಾಲು ವಿವರಿಸುವವಳೂ ನಾನೇ. ನನ್ನ ಮೊದಲ ಸ್ಲೈಡು ಬದಲಾಗಿಲ್ಲ. ಕಾಕಾ ಈಗ ಮಾತಾಡುತ್ತಾನೆ, ಅಳೆದು ಸುರಿದು. ಆ ದಿನದ ಬಗ್ಗೆ ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಅತಿಥಿ ಉಪನ್ಯಾಸಕರ ಬಾಳು ಗೊತ್ತಿದ್ದದ್ದೇ. ನಾವು ಹೊರಬಿದ್ದ ಎರಡನೇ ವರ್ಷ ಮೇಡಂಗೆ ಕಾಲೇಜಿನಿಂದ ಕರೆ ಬರಲಿಲ್ಲ. ಅವರು ಟಿಕೋಟಾದಲ್ಲಿ ಅಣ್ಣನ ಮನೆಯ ಮುಂಗೋಣೆಯಲ್ಲೇ ಹುಡುಗಿಯರಿಗೆ ಪಾಠ ಶುರು ಮಾಡಿದರು. ಬೋರ್ಡು ಬರೆಸುವಾಗ ಕೋಣೆಯ ಹೊರಗೆ ತಮ್ಮದೇ ದೊಡ್ಡ ಫೋಟೋ ಹಚ್ಚಿದ್ದರು. ನಾನು ಸಂಬಳದಲ್ಲಿ ಹೊಸ ಕೇಬಲ್ ಒಯ್ದಾಗ ಅದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ನೋಡಿಕೊಂಡರು. "ಇದು ಭಾರ ಕಡಿಮಿ ಐತಿ, ಎಮ್ಮಿ ಹರಕೊಂಡು ಹೋಕ್ಕಾವು," ಅಂದರು. ಆಗಲೇ ಅವರಿಗೆ ಹೊಟ್ಟೆಯ ಕಾಯಿಲೆ ಹತ್ತಿತ್ತು. ನಮಗೆ ಹೇಳಿರಲಿಲ್ಲ. ಮುಖವನ್ನು ಮುಚ್ಚದ ಹೆಂಗಸು ನೋವನ್ನು ಮುಚ್ಚಿಟ್ಟುಕೊಂಡಿದ್ದರು. ಈ ವರ್ಷ ದ್ರಾಕ್ಷಿ ಶೆಡ್ಡಿಗೆ ಬರುವ ಹೊತ್ತಿಗೆ ತೀರಿಕೊಂಡರು.

ಟಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಶ್ರದ್ಧಾಂಜಲಿಯ ಬ್ಯಾನರ್ ಹಚ್ಚಬೇಕೆಂದು ಹಳೆಯ ವಿದ್ಯಾರ್ಥಿಗಳೆಲ್ಲ ನಿಶ್ಚಯಿಸಿದೆವು. ಮಾಡಿಸುವ ಕೆಲಸ ನನಗೆ ಬಂತು. ಮೊದಲ ದಿನ ಗೋಡೆಯ ಮೇಲೆ ಬಂದ ಆ ಫೋಟೋ ನನ್ನ ಹತ್ತಿರ ಇತ್ತು. ಸ್ಟೇಷನ್ ರಸ್ತೆಯ ಫ್ಲೆಕ್ಸ್ ಅಂಗಡಿಗೆ ಒಯ್ದು ಕೊಟ್ಟೆ, ಹೊರಗೆ ಹೋಗಿ ಹೂವು ತಂದೆ. ವಾಪಸ್ ಬಂದಾಗ ಅಂಗಡಿಯವನು ಪರದೆಯನ್ನು ನನ್ನ ಕಡೆ ತಿರುಗಿಸಿದ.

"ನೋಡ್ರಿ ಅಕ್ಕಾ, ಮಸ್ತ್ ನೀಟ್ ಮಾಡೇನಿ."

ಮೈಮೇಲೆ ರೇಷ್ಮೆ ಸೀರೆ. ತಲೆಯ ಹಿಂದೆ ಬೆಳಕಿನ ಚಕ್ರ, ಸುತ್ತ ಮೋಡ. ಕತ್ತಿನವರೆಗೂ ಮುಖ ಒಂದೇ ಬಣ್ಣ, ತುಟಿಯೂ ಒಂದೇ ಬಣ್ಣ. ಮಚ್ಚೆ ಇಲ್ಲ. ಬೆಳ್ಳಗೆ, ನುಣ್ಣಗೆ, ಯಾರೋ.

"ಇವ್ರು ಯಾರು?" ಅಂದೆ.

"ನೀವ ಕೊಟ್ಟ ಫೋಟೋರಿ. ಪಾಪ, ಅಲ್ಲಿ ಬಿಳಿ ಆಗಿತ್ತಲ್ರಿ, ತಗದೇನಿ. ಅದಕ್ಕ ಬ್ಯಾರೆ ಚಾರ್ಜ್ ಇಲ್ಲ ಬಿಡ್ರಿ."

"ವಾಪಸ್ ಹಾಕು."

"ಅಲ್ರಿ ಅಕ್ಕಾ, ಬಸ್‌ಸ್ಟ್ಯಾಂಡಿನಾಗ ಹಚ್ಚೂದು. ಸತ್ತವ್ರದು ಚಂದ ಇರಬೇಕು. ಮಂದಿ ನೋಡ್ತಾರ."

"ನೋಡ್ಲಿ," ಅಂದೆ. "ಎಲ್ಲಿ ಸುರು ಆಗೈತಿ, ಎಲ್ಲಿ ಮುಗದೈತಿ, ಎಲ್ಲಾ ನೋಡಿ ಮುಗಸ್ಲಿ."

ಅವನು ನನ್ನ ಮುಖ ನೋಡಿದ. ಮಾಡಿದ್ದನ್ನೆಲ್ಲ ಹಿಂದೆ ತೆಗೆಯುವ ಗುಂಡಿ ಒತ್ತತೊಡಗಿದ. ಮೋಡ ಹೋಯಿತು. ಬೆಳಕಿನ ಚಕ್ರ ಹೋಯಿತು. ರೇಷ್ಮೆ ಸೀರೆ ಹೋಗಿ ಅವರ ಹತ್ತಿಯ ಸೀರೆ ಬಂತು, ಹೆಗಲ ಮೇಲೆ ಕೇಬಲ್ಲಿನ ಸುರುಳಿ ಬಂತು. ಕತ್ತಿನ ಬುಡದಲ್ಲಿ ಮಚ್ಚೆ ಮೊದಲು ಕಾಣಿಸಿತು. ಮೇಲೇರಿ ಗದ್ದಕ್ಕೆ ಬಂತು, ಕೆನ್ನೆಗೆ ಬಂತು. ಕಡೆಗೆ ತುಟಿಯ ಅರ್ಧ ಗುಲಾಬಿಯಾಯಿತು. ಮೇಡಂ ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು.

"ಸಾಕು, ಕೈ ತಗಿ," ಅಂದೆ. "ಈಗ ಹಾಕು ಪ್ರಿಂಟ್."